ಮೊದಲು ಯಾವುದು: ಕಾರ್ಡೋ, ರ‍್ಯಾಮೋ, ಕರೆಂಟೋ?

ಗೇಮಿಂಗ್ ಕಂಪ್ಯೂಟರಿಗೆ ಸ್ವಲ್ಪ ದುಡ್ಡು ಹಾಕೋಣ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಗ್ರಾಫಿಕ್ಸ್ ಕಾರ್ಡು ಬದಲಿಸಿ. ಲಕ್ಷ ರೂಪಾಯಿ ಕೈಯಲ್ಲಿದ್ದವರಿಗೆ ಆ ಸಲಹೆ ಸರಿಯೇ. ನಮ್ಮ ಕೈಯಲ್ಲಿ ಇದ್ದದ್ದು ಇಪ್ಪತ್ತೈದು ಸಾವಿರ. ಅದರಲ್ಲಿ ಹದಿನೈದು ನನ್ನದು, ಹತ್ತು ನನ್ನ ಅಕ್ಕನ ಮಗ ಸಣ್ಣ ಮಕ್ಕಳಿಗೆ ಟ್ಯೂಷನ್ ಹೇಳಿ ಉಳಿಸಿದ್ದು. ಕಷ್ಟಪಟ್ಟು ಕೂಡಿಟ್ಟ ಆ ಹಣ ಯಾವ ಭಾಗಕ್ಕೆ ಮೊದಲು ಹೋಗಬೇಕು ಎಂಬುದನ್ನು 2025ರ ಬೇಸಿಗೆಯಿಂದ ದಸರಾ ಕಳೆಯುವವರೆಗೆ ನಿಧಾನವಾಗಿ ತೀರ್ಮಾನ ಮಾಡಿದೆವು. ಇದೇ ಪ್ರಶ್ನೆ ಇಟ್ಟುಕೊಂಡಿರುವ ಮನೆಗಳು ಊರಲ್ಲಿ ತುಂಬ ಇವೆ ಎಂದು ನನಗೆ ಗೊತ್ತು. ಅದಕ್ಕೇ ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ.

ಮಂಗಳೂರಿನ ಮಣ್ಣಗುಡ್ಡದ ನಮ್ಮ ಹಂಚಿನ ಮನೆಯ ಚಾವಡಿಯಲ್ಲಿರುವ ಕಂಪ್ಯೂಟರು 2019ರದ್ದು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1650 ಕಾರ್ಡು, ತಿರುಗುವ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, 75 ಹರ್ಟ್ಜ್‌ನ ಪರದೆ. ಹಗಲಿನಲ್ಲಿ ಅದರಲ್ಲಿ ನನ್ನ ಲೆಕ್ಕಪತ್ರದ ಕೆಲಸ. ರಾತ್ರಿ ಊಟವಾದ ಮೇಲೆ ನಾನು ಫೋರ್ಝಾ ಹೊರೈಝನ್ 5ರಲ್ಲಿ ಕಾರು ಓಡಿಸುತ್ತೇನೆ, ಅಳಿಯ ಕಾಲೇಜಿನ ಗೆಳೆಯರ ಜೊತೆ ವ್ಯಾಲರಂಟ್ ಆಡುತ್ತಾನೆ. ಆಟಕ್ಕೆ ಹಾಕುವ ಹಣವೆಲ್ಲ ದುಂದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯವರೆಲ್ಲ ವರ್ಷಗಟ್ಟಲೆ ಬಳಸುವ ವಸ್ತು ಇದು. ದುಡಿದವರಿಗೆ ಸಂಜೆ ಎರಡು ತಾಸಿನ ಸಂತೋಷ ಕೊಡುವ ಖರ್ಚಿಗೆ ಮನೆಯ ಬಜೆಟ್‌ನಲ್ಲಿ ಜಾಗ ಇರಬೇಕು. ಆದರೆ ಉಳಿದ ಖರ್ಚಿನ ಹಾಗೆಯೇ ಅದಕ್ಕೂ ಲೆಕ್ಕ ಬೇಕು.

"ಮಾಮ, ಫೈಟ್ ಶುರುವಾದಾಗಲೇ ಸ್ಟಕ್ ಆಗ್ತದೆ. ಕಾರ್ಡು ಹಳೆಯದಾಯ್ತು," ಅಂತ ಅಳಿಯ ಹೇಳುತ್ತಿದ್ದ. ಕೊಳ್ಳುವ ಮೊದಲು ಅಳೆಯೋಣ ಅಂದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಆಟದ ಮೂಲೆಯಲ್ಲೇ ಕಾರ್ಡು ಎಷ್ಟು ದುಡಿಯುತ್ತಿದೆ, ಪ್ರೊಸೆಸರ್ ಎಷ್ಟು, ರ‍್ಯಾಮ್ ಎಷ್ಟು ತುಂಬಿದೆ, ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ ಎಂಬುದೆಲ್ಲ ಕಾಣುತ್ತದೆ. ವ್ಯಾಲರಂಟ್‌ನಲ್ಲಿ ಕಾರ್ಡು ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ರ‍್ಯಾಮ್ ಮಾತ್ರ ತುಂಬಿ ತುಳುಕುತ್ತಿತ್ತು. ಫ್ರೇಮ್ ಸರಾಸರಿ 140ರ ಆಸುಪಾಸು ಇದ್ದರೂ ಗುಂಡಿನ ಚಕಮಕಿಯ ಹೊತ್ತಿಗೆ 60ಕ್ಕಿಂತ ಕೆಳಗೆ ಕುಸಿಯುತ್ತಿತ್ತು. "ನೋಡು ಮಾರಾಯ, ಕಾರ್ಡಿಗೆ ಕೆಲಸವೇ ಇಲ್ಲ," ಅಂದೆ. ಅವನು ನಂಬಲಿಲ್ಲ. ಪರದೆಯ ರೆಸಲ್ಯೂಷನ್ ಇಳಿಸಿ ನೋಡಿದೆವು. ತಡೆ ಕಾರ್ಡಿನದ್ದಾಗಿದ್ದರೆ ಹಾಗೆ ಇಳಿಸಿದಾಗ ಫ್ರೇಮ್ ಏರಬೇಕು. ಏರಲಿಲ್ಲ.

ಫೋರ್ಝಾದಲ್ಲಿ ಇದೇ ಯಂತ್ರ ತದ್ವಿರುದ್ಧ ಉತ್ತರ ಕೊಟ್ಟಿತು. ಅಲ್ಲಿ ಕಾರ್ಡು ನೂರಕ್ಕೆ ತೊಂಬತ್ತೊಂಬತ್ತು ದುಡಿಯುತ್ತಿತ್ತು, ಅದರ 4 ಜಿಬಿ ಮೆಮೊರಿ ಪೂರ್ತಿ ಭರ್ತಿ. ಜೊತೆಗೆ ಹಾರ್ಡ್ ಡಿಸ್ಕ್ ನಿಧಾನವಾದ್ದರಿಂದ ವೇಗವಾಗಿ ಹೋಗುವಾಗ ರಸ್ತೆಬದಿಯ ಮರ, ಮನೆಗಳು ತಡವಾಗಿ ಮೂಡುತ್ತಿದ್ದವು. ಅಡುಗೆಯವರು ಎಷ್ಟೇ ಬೇಗ ಬೇಯಿಸಿದರೂ ಬಡಿಸುವವರು ತಡಮಾಡಿದರೆ ಪಂಕ್ತಿ ಕಾಯಲೇಬೇಕು. ಯಾರಿಂದ ತಡವಾಗುತ್ತಿದೆ ಎಂಬುದು ಆಟದಿಂದ ಆಟಕ್ಕೆ ಬೇರೆ. ಆದ್ದರಿಂದ ಯಾರಾದರೂ ಯಾವ ಭಾಗ ಮೊದಲು ಎಂದು ಕೇಳಿದರೆ ನೀವು ಏನು ಆಡುತ್ತೀರಿ ಎಂದೇ ನಾನು ಮೊದಲು ಕೇಳುವುದು.

ಅಳತೆ ಮುಗಿದ ಮೇಲೆ ಹಣವೇ ಬೇಡದ ಕೆಲಸಗಳನ್ನು ಮುಗಿಸಿದೆವು. ಮಂಗಳೂರಿನ ಗಾಳಿಯಲ್ಲಿ ಉಪ್ಪೂ ಉಂಟು, ತೇವವೂ ಉಂಟು. ಧೂಳು ಇಲ್ಲಿ ಹಾರಿಹೋಗದೆ ಫ್ಯಾನಿಗೆ ಅಂಟಿಕೊಂಡು ಕೂರುತ್ತದೆ. ಅದನ್ನು ಬ್ರಷ್ಷಿನಿಂದ ತೆಗೆದು, ಒಣಗಿಹೋಗಿದ್ದ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದೆವು. ಪೇಸ್ಟಿನ ಟ್ಯೂಬಿಗೆ ನಾನೂರು ರೂಪಾಯಿ. ತೊಂಬತ್ತು ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಆಮೇಲೆ ಬಯೋಸ್ ತೆರೆದು ಎಕ್ಸ್‌ಎಂಪಿ ಆನ್ ಮಾಡಿದೆವು. ಪೊಟ್ಟಣದ ಮೇಲೆ 3000 ಎಂದು ಬರೆದ ರ‍್ಯಾಮ್ ಕೂಡ ಈ ಸೆಟ್ಟಿಂಗ್ ಹಾಕದಿದ್ದರೆ ಅದಕ್ಕಿಂತ ತುಂಬ ಕಡಿಮೆ ವೇಗದಲ್ಲೇ ಓಡುತ್ತದೆ. ಆ ರೈಜನ್ ಪೀಳಿಗೆಗಳಲ್ಲಿ ಪ್ರೊಸೆಸರಿನ ಒಳಗಿನ ಸಂಪರ್ಕದ ವೇಗವೂ ರ‍್ಯಾಮಿನ ವೇಗಕ್ಕೇ ಕಟ್ಟಿಕೊಂಡಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ದುಡ್ಡು ಕೊಟ್ಟು ಕೊಂಡ ವೇಗವನ್ನು ವರ್ಷಗಟ್ಟಲೆ ಬಳಸದೆ ಬಿಟ್ಟವರು ಎಷ್ಟೋ ಮಂದಿ ಇದ್ದಾರೆ. ದಯವಿಟ್ಟು ಇಂದೇ ತೆರೆದು ನೋಡಿ.

ಮೊದಲ ನಿಜವಾದ ಖರೀದಿ ರ‍್ಯಾಮ್. ಅದೇ ವೇಗದ ಇನ್ನೊಂದು 8 ಜಿಬಿ ಕಡ್ಡಿಗೆ ಆಗ ಕೊಟ್ಟದ್ದು ಸಾವಿರದ ಎಂಟುನೂರು. ಒಂದೇ ಕಡ್ಡಿ ಇದ್ದಾಗ ಪ್ರೊಸೆಸರಿಗೆ ಮೆಮೊರಿಯಿಂದ ಒಂದೇ ದಾರಿ. ಎರಡಾದರೆ ಎರಡು ದಾರಿ. ವ್ಯಾಲರಂಟ್‌ನ ಕುಸಿತ ಅಲ್ಲಿಗೇ ನಿಂತಿತು. ಅತಿ ಕೆಟ್ಟ ಕ್ಷಣದಲ್ಲೂ ಫ್ರೇಮ್ 90ರ ಮೇಲೇ ಇತ್ತು. ನಮ್ಮ ಪರದೆ ಸೆಕೆಂಡಿಗೆ ತೋರಿಸುವುದೇ 75 ಚಿತ್ರ. ಅದರ ಮೇಲೆ ಎಷ್ಟೇ ಫ್ರೇಮ್ ಬಂದರೂ ಕಣ್ಣಿಗೆ ಹೊಸ ಚಿತ್ರ ಸಿಗದು. ಮೌಸಿನ ಪ್ರತಿಕ್ರಿಯೆ ಇನ್ನೂ ಚುರುಕಾಗುತ್ತದೆ ಎಂದು ಅಳಿಯ ವಾದಿಸಿದ. ಅದು ನಿಜವೇ. ಆದರೆ ಆ ಅಷ್ಟು ಚುರುಕಿಗೆ ಹತ್ತು ಸಾವಿರದ ಪ್ರೊಸೆಸರ್ ಕೊಳ್ಳುವ ಹೊತ್ತು ಅದಲ್ಲ ಎಂಬುದಕ್ಕೆ ಅವನೂ ತಲೆಯಾಡಿಸಿದ.

ಇಲ್ಲಿಂದ ಮುಂದಿನ ತೀರ್ಮಾನಕ್ಕೆ ನಾನು ಲೆಕ್ಕಪತ್ರದವನ ಕಣ್ಣಿನಿಂದಲೇ ನೋಡಿದೆ. ಈಗ ಕೊಳ್ಳುವ ವಸ್ತು ಮುಂದಿನ ಕಂಪ್ಯೂಟರಿಗೂ ಬರುತ್ತದೆಯೇ? ನಮ್ಮ ಬೋರ್ಡಿನದ್ದು ಎಎಂ4 ಸಾಕೆಟ್. ಅದಕ್ಕೆ ಹೊಂದುವ ಪ್ರೊಸೆಸರ್, ಡಿಡಿಆರ್4 ರ‍್ಯಾಮ್ ಎರಡೂ ಹೊಸ ಪೀಳಿಗೆಯ ಎಎಂ5 ಬೋರ್ಡಿನಲ್ಲಿ ಕೂರುವುದಿಲ್ಲ. ಎಂದಾದರೂ ಬೋರ್ಡು ಬದಲಿಸಿದರೆ ಅವುಗಳ ಮೇಲಿನ ಹಣ ಅಲ್ಲಿಗೇ ಮುಗಿಯಿತು. ಎಸ್‌ಎಸ್‌ಡಿ, ಒಳ್ಳೆಯ ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡು, ಪರದೆ ಹಾಗಲ್ಲ. ಅವು ಹೊಸ ಪೆಟ್ಟಿಗೆಗೂ ನಡೆದುಬರುತ್ತವೆ. ನಾಲ್ಕು ಸಾವಿರದ ಎಸ್‌ಎಂಪಿಎಸ್ ಎಂಟು ವರ್ಷ ಬಂದರೆ ವರ್ಷಕ್ಕೆ ಐನೂರು. ಇನ್ನೆರಡು ವರ್ಷದಲ್ಲಿ ಎತ್ತಿಡಬೇಕಾದ ಪ್ರೊಸೆಸರಿಗೆ ಹತ್ತು ಸಾವಿರ ಕೊಟ್ಟರೆ ವರ್ಷಕ್ಕೆ ಐದು ಸಾವಿರ. ತೂಕ ಎತ್ತ ವಾಲುತ್ತದೆ ಎಂಬುದು ಸ್ಪಷ್ಟ. ರ‍್ಯಾಮಿಗೆ ಈ ನಿಯಮ ಬಿಟ್ಟುಕೊಟ್ಟದ್ದು ಅದು ಅಗ್ಗವಾಗಿತ್ತು ಮತ್ತು ನೋವು ಅಲ್ಲೇ ಇತ್ತು ಎಂಬ ಕಾರಣಕ್ಕೆ.

ಹಾಗಾಗಿ ಎರಡನೆಯದು 1 ಟಿಬಿಯ ಎಸ್‌ಎಸ್‌ಡಿ, ಐದು ಸಾವಿರದ ಇನ್ನೂರು. ಇದು ಫ್ರೇಮ್ ಹೆಚ್ಚಿಸುವುದಿಲ್ಲ, ಕಾಯುವುದನ್ನು ಕಡಿಮೆ ಮಾಡುತ್ತದೆ. ಹಗಲಿನ ನನ್ನ ಕೆಲಸಕ್ಕೂ ಅದರ ಲಾಭ ಸಿಕ್ಕಿತು. ಈಗ ಅದು ಐಚ್ಛಿಕವೂ ಅಲ್ಲ: ಸೈಬರ್‌ಪಂಕ್ 2077 ಆಟದ ಕನಿಷ್ಠ ಅಗತ್ಯಗಳಲ್ಲೇ 2023ರಿಂದ ಎಸ್‌ಎಸ್‌ಡಿ ಸೇರಿದೆ.

ಮೂರನೆಯದು ಎಸ್‌ಎಂಪಿಎಸ್. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಜಿಟಿಎಕ್ಸ್ 1650 75 ವ್ಯಾಟ್‌ನ ಕಾರ್ಡು; ಅದರ ಹಲವು ಮಾದರಿಗಳು ಪ್ರತ್ಯೇಕ ಕೇಬಲ್ ಕೇಳದೆ ಬೋರ್ಡಿನಿಂದಲೇ ವಿದ್ಯುತ್ ಪಡೆಯುತ್ತವೆ. ಅದರ ಮೇಲಿನ ಕಾರ್ಡುಗಳಿಗೆ ಪ್ರತ್ಯೇಕ ಪವರ್ ಕೇಬಲ್ ಬೇಕು. ಕ್ಯಾಬಿನೆಟ್ ಜೊತೆ ಬಂದ ನಮ್ಮ ಎಸ್‌ಎಂಪಿಎಸ್‌ನಲ್ಲಿ ಆ ಕೇಬಲೇ ಇರಲಿಲ್ಲ. ಅಂದರೆ ಕಾರ್ಡಿನ ಬೆಲೆ ಅಂಗಡಿಯ ಚೀಟಿಯಲ್ಲಿ ಇರುವುದಷ್ಟೇ ಅಲ್ಲ. ಅದನ್ನು ಹೊರುವ ಎಸ್‌ಎಂಪಿಎಸ್‌ನ ಬೆಲೆಯೂ ಸೇರಿ ಅದರ ಬೆಲೆ. ಹಂಪನಕಟ್ಟೆಯ ಅಂಗಡಿಯೊಂದರಲ್ಲಿ 80 ಪ್ಲಸ್ ಬ್ರಾಂಝ್ ದರ್ಜೆಯ 550 ವ್ಯಾಟ್‌ನದ್ದು ನಾಲ್ಕು ಸಾವಿರದ ಮುನ್ನೂರಕ್ಕೆ ಸಿಕ್ಕಿತು.

ಕರೆಂಟಿನ ಪ್ರಶ್ನೆ ನಮ್ಮ ಕರಾವಳಿಗೆ ಇನ್ನೂ ದೊಡ್ಡದು. ಮಳೆ ಹಿಡಿಯುವ ಮುಂಚಿನ ಏಪ್ರಿಲ್, ಮೇ ತಿಂಗಳು, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರ್: ಈ ಎರಡೂ ಹೊತ್ತಲ್ಲಿ ಸಂಜೆಯ ಗುಡುಗು, ಸಿಡಿಲು ಜೋರು. ಕರೆಂಟು ಹೋಗುವುದಕ್ಕಿಂತ ಅದು ವಾಪಸ್ ಬರುವ ಗಳಿಗೆಯ ಏರಿಳಿತ ಯಂತ್ರಕ್ಕೆ ಹೆಚ್ಚು ಅಪಾಯ. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಹಿಂದೆ ಅರ್ಥಿಂಗ್ ತಂತಿ ಇರುತ್ತದೆ ಎಂಬ ಖಾತರಿ ಇಲ್ಲ. ನಾವು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಪರೀಕ್ಷೆ ಮಾಡಿಸಿದ ಮೇಲೆಯೇ ಕಾರ್ಡಿನ ಮಾತೆತ್ತಿದ್ದು. ಇನ್ನೊಂದು ವಿಷಯ: ಇಂಟರ್ನೆಟ್ ತಾಮ್ರದ ಕೇಬಲಿನಲ್ಲಿ ಬರುವ ಮನೆಗಳಲ್ಲಿ ಸಿಡಿಲಿನ ಹೊಡೆತ ಆ ದಾರಿಯಲ್ಲೂ ಮದರ್‌ಬೋರ್ಡಿಗೆ ತಲುಪಬಹುದು. ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ಗಿನ ಜೊತೆ ಆ ಕೇಬಲನ್ನೂ ಕೀಳಿ.

ಇನ್ನು ಕಾರ್ಡು. ಕೈಯಲ್ಲಿ ಉಳಿದದ್ದು ಹದಿಮೂರು ಸಾವಿರದ ಮುನ್ನೂರು. ಹೊಸ ಆರ್‌ಟಿಎಕ್ಸ್ 4060ಕ್ಕೆ ಆಗ ಇಪ್ಪತ್ತೆಂಟು ಸಾವಿರದ ಆಸುಪಾಸು. ಬಡ್ಡಿಯಿಲ್ಲದ ಇಎಂಐ ಉಂಟಲ್ಲ ಎಂದು ಅಳಿಯನ ಗೆಳೆಯರು ಹೇಳಿದರು. ಶೂನ್ಯ ಬಡ್ಡಿ ಎಂಬ ಕಲ್ಪನೆಗೇ ಅಸ್ತಿತ್ವವಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಕ್ರೆಡಿಟ್ ಕಾರ್ಡಿನ ಇಂಥ ಯೋಜನೆಯಲ್ಲಿ ಬಡ್ಡಿಯಷ್ಟು ರಿಯಾಯಿತಿಯನ್ನು ಮಾರುವವರು ಮೊದಲೇ ಕೊಡುತ್ತಾರೆ, ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ನಮ್ಮ ತಲೆಗೆ. ತಲಾ ನಾಲ್ಕು ಸಾವಿರದಂತೆ ಆರು ಕಂತು, ವಾರ್ಷಿಕ ಶೇ 15 ಬಡ್ಡಿ ಎಂದಿಟ್ಟುಕೊಳ್ಳಿ. ಬಡ್ಡಿ ಸಾವಿರ ರೂಪಾಯಿ ಚಿಲ್ಲರೆ, ಅದರ ಜಿಎಸ್‌ಟಿ ನೂರ ಎಂಬತ್ತು. 199 ರೂಪಾಯಿಯ ಶುಲ್ಕ ಇದ್ದರೆ ಅದರ ತೆರಿಗೆಯೂ ಸೇರಿ ಒಟ್ಟು ನಾನೂರು ದಾಟುತ್ತದೆ. ನಿಜ ಹೇಳಬೇಕೆಂದರೆ ಈ ನಾನೂರು ದೊಡ್ಡದಲ್ಲ. ದೊಡ್ಡದು ಬೇರೆ: ಇಪ್ಪತ್ತೈದರ ಬಜೆಟ್ಟು ಸದ್ದಿಲ್ಲದೆ ನಲವತ್ತಾಗುತ್ತದೆ, ಓದುವ ಹುಡುಗನ ಮುಂದಿನ ಆರು ತಿಂಗಳ ಟ್ಯೂಷನ್ ಹಣ ಈಗಲೇ ಖರ್ಚಾಗಿ ಹೋಗುತ್ತದೆ. ಅದು ಬೇಡ ಎಂದು ನಾನು ಕಡ್ಡಿ ಮುರಿದ ಹಾಗೆ ಹೇಳಿದೆ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಇಳಿಯುತ್ತದೆ, ಕಾಯಿರಿ ಎಂದವರೂ ಇದ್ದರು. ಕಂಪ್ಯೂಟರಿನ ಬಿಡಿಭಾಗಗಳಿಗೆ ಮುಂಚೆಯೂ ಶೇ 18, ಆಮೇಲೂ ಶೇ 18. ಶೇ 28ರಿಂದ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡ ಪರದೆಗಳಿಗೆ. ಕಾರ್ಡು ಕೊಳ್ಳುವವರಿಗೆ ಅದರಿಂದ ಏನೂ ಇರಲಿಲ್ಲ.

ನಾವು ಕಾದದ್ದು ಬೇರೊಂದಕ್ಕೆ. ಕುದ್ರೋಳಿ ದಸರಾದ ಮೆರವಣಿಗೆ ನಮ್ಮ ಮಣ್ಣಗುಡ್ಡದ ರಸ್ತೆಯಲ್ಲಿ ಲೇಡಿಹಿಲ್ ಕಡೆಗೆ ಸಾಗುವ ಆ ದಿನಗಳಲ್ಲೇ ಆನ್‌ಲೈನ್ ಅಂಗಡಿಗಳ ಹಬ್ಬದ ಮಾರಾಟವೂ ನಡೆಯುತ್ತದೆ. ಅಲ್ಲಿ ಹೊಸ ಕಾರ್ಡು ಕೊಂಡವರ ಹಳೆಯ ಕಾರ್ಡುಗಳು ಆಮೇಲಿನ ವಾರಗಳಲ್ಲಿ ಮಾರಾಟಕ್ಕೆ ಬರುತ್ತವೆ. ಹಾಗೆ ಸಿಕ್ಕಿದ್ದು ಸುರತ್ಕಲ್‌ನ ವಿದ್ಯಾರ್ಥಿಯೊಬ್ಬರ 8 ಜಿಬಿಯ ಆರ್‌ಎಕ್ಸ್ 6600, ಹದಿಮೂರು ಸಾವಿರಕ್ಕೆ. ನಮ್ಮ 1650 ಐದೂವರೆ ಸಾವಿರಕ್ಕೆ ಹೋಯಿತು. ಆ ಹಣದಲ್ಲಿ ಮೂರು ಸಾವಿರದ ನಾನೂರರ 600 ವಿಎ ಯುಪಿಎಸ್ ಬಂತು. ಕೆಲಸ ಸೇವ್ ಮಾಡಿ ಬಂದ್ ಮಾಡುವುದಕ್ಕೆ ಅಷ್ಟು ಸಾಕು.

ಸೆಕೆಂಡ್ ಹ್ಯಾಂಡ್ ಕಾರ್ಡು ನೋಡುವಾಗ ಮೊದಲು ಬಿಲ್ಲಿನ ತಾರೀಕು ನೋಡಿ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಜಾಲ ತನ್ನ ವಿಧಾನ ಬದಲಿಸುವವರೆಗೆ ಕ್ರಿಪ್ಟೊ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದ ಕಾರ್ಡುಗಳು ಆಮೇಲೆ ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ನಾವು 2023ರ ಬಿಲ್ಲು ಇದ್ದದ್ದನ್ನೇ ಆರಿಸಿದ್ದು ಅದಕ್ಕೆ; ವಾರಂಟಿಯೂ ಸ್ವಲ್ಪ ಉಳಿದಿತ್ತು. ಸೀರಿಯಲ್ ನಂಬರು ಬಿಲ್ಲಿಗೆ ತಾಳೆಯಾಗಬೇಕು. ಮಾರುವವರ ಮನೆಯಲ್ಲೇ ಕೂತು ಅರ್ಧ ಗಂಟೆ ಭಾರದ ಆಟ ಓಡಿಸಿ. ನಮ್ಮ ಊರಿನವರು ಟಾರ್ಚು ಹಿಡಿದು ಎಚ್‌ಡಿಎಂಐ ಕಿಂಡಿಯ ಪಟ್ಟಿ, ಸ್ಕ್ರೂಗಳಲ್ಲಿ ತುಕ್ಕು ಇದೆಯೇ ಎಂದೂ ನೋಡಬೇಕು. ಮತ್ತೆ, ಕಡಿಮೆ ಬೆಲೆಗೆ ಆಸೆಪಟ್ಟು ಹಳೆಯ ಬೋರ್ಡಿಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಬೇಡಿ. ಅದು ಬೋರ್ಡಿನ ಜೊತೆ ನಾಲ್ಕೇ ಲೇನಿನಲ್ಲಿ ಮಾತಾಡುತ್ತದೆ, ಪಿಸಿಐಇ 3.0 ಬೋರ್ಡಿನಲ್ಲಿ ಅದರ ವೇಗ ಚೆನ್ನಾಗಿಯೇ ಕುಗ್ಗುತ್ತದೆ.

ಇದೇ ಕ್ರಮವನ್ನು ಇವತ್ತು ಕಣ್ಣು ಮುಚ್ಚಿ ಅನುಸರಿಸಬೇಡಿ ಎಂದೂ ಹೇಳಬೇಕು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಚಿಪ್ಪಿನ ಬೆಲೆ ವಿಪರೀತ ಏರಿತು. ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ರ‍್ಯಾಮ್, ಎಸ್‌ಎಸ್‌ಡಿ ವ್ಯವಹಾರದಿಂದ ಹೊರಬರುವುದಾಗಿ ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ಘೋಷಿಸಿತು. ನಾವು ಸಾವಿರದ ಎಂಟುನೂರಕ್ಕೆ ಕೊಂಡ ಕಡ್ಡಿ ಆ ಬೆಲೆಗೆ ಈಗ ಸಿಗದು. ನಿಮ್ಮಲ್ಲಿ 16 ಜಿಬಿ ಇದ್ದರೆ ಅದರ ತಂಟೆಗೆ ಹೋಗಬೇಡಿ. ಒಂದೇ ಕಡ್ಡಿ ಇದ್ದರೆ ಹಳೆಯ ಡಿಡಿಆರ್4 ಕಡ್ಡಿ ಗೆಳೆಯರ ಬಳಿ ಬಿದ್ದಿದೆಯೇ ಕೇಳಿ. ಡಿಡಿಆರ್5ರ ಹೊಸ ಬೋರ್ಡಿಗೆ ಹಾರುವ ಯೋಚನೆಯನ್ನು ಈ ವರ್ಷದ ಮಟ್ಟಿಗೆ ಪಕ್ಕಕ್ಕಿಡಿ.

ಈ ಬೆಲೆಯೇರಿಕೆ ನಮ್ಮ ಲೆಕ್ಕವನ್ನೂ ತಿರುಗಿಸಿದೆ. ಹೊಸ ಬೋರ್ಡು ದೂರ ಸರಿದದ್ದರಿಂದ ಎಎಂ4ರ ಆಯುಸ್ಸು ನಮ್ಮ ಮನೆಯಲ್ಲಿ ಉದ್ದವಾಯಿತು. ಹಾಗಾಗಿ ಅಂದು ಬೇಡವೆಂದ ಪ್ರೊಸೆಸರ್ ಖರ್ಚು ಈಗ ಅರ್ಥವುಳ್ಳದ್ದಾಗಿದೆ. 2022ರ ರೈಜನ್ 5 5600 ಇದೇ ಬೋರ್ಡಿನಲ್ಲಿ ಕೂರುತ್ತದೆ, ರ‍್ಯಾಮ್ ಬದಲಿಸಬೇಕಾಗಿಲ್ಲ. ಅಳಿಯ ತಿಂಗಳಿಗೆ ಐನೂರು ತೆಗೆದಿಡುತ್ತಿದ್ದಾನೆ, ನಾನು ಸಾವಿರ. ಹೊಸ ಪ್ರೊಸೆಸರ್ ಬರುವ ಮುಂಚೆ, ಹಳೆಯ 2600 ಇನ್ನೂ ಕೂತಿರುವಾಗಲೇ, ಬಯೋಸ್ ಅಪ್‌ಡೇಟ್ ಮಾಡಬೇಕು. ಹಳೆಯ ಬಯೋಸ್ ಹೊಸ ಪ್ರೊಸೆಸರನ್ನು ಗುರುತಿಸುವುದಿಲ್ಲ. ಅಪ್‌ಡೇಟಿನ ನಡುವೆ ಕರೆಂಟು ಹೋದರೆ ಬೋರ್ಡೇ ಹಾಳಾಗಬಹುದು. ಆ ಕೆಲಸವನ್ನು ಯುಪಿಎಸ್ ತುಂಬ ಚಾರ್ಜ್ ಇರುವಾಗ, ಮೋಡವಿಲ್ಲದ ಬೆಳಿಗ್ಗೆ ಮಾಡುತ್ತೇವೆ.