ಆಟಗಾರ ವಿದ್ಯಾರ್ಥಿಯೋ, ನೌಕರನೋ? ಅಮೆರಿಕದ ಕಾಲೇಜು ಕ್ರೀಡೆಯ ಲೆಕ್ಕಾಚಾರ

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಸೀನಿಯರ್ ಒಬ್ಬರು ಒಂದು ಫೋಟೋ ಹಾಕಿದರು. ಇಲ್ಲಿಂದ ಹೋಗಿ ಈಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡ್ತಿದ್ದಾರೆ. ಶನಿವಾರದ ಫುಟ್‌ಬಾಲ್ ಪಂದ್ಯ, ಕ್ರೀಡಾಂಗಣದ ತುಂಬ ಜನ. ಫೋಟೋದ ಕೆಳಗೆ ಅವರು ಬರೆದದ್ದು ಇಷ್ಟು: "ಈ ತಂಡದ ಒಬ್ಬ ಹುಡುಗನಿಗೆ ನಾನೇ ಸರ್ಕ್ಯೂಟ್ಸ್ ಲ್ಯಾಬ್ ಮಾಡಿಸ್ತೀನಿ. ಅದಕ್ಕೆ ವಿಶ್ವವಿದ್ಯಾಲಯ ನನಗೆ ಸಂಬಳ ಕೊಡುತ್ತೆ, ಕಾಗದದಲ್ಲಿ ನಾನು ನೌಕರ. ಅವನನ್ನು ನೋಡೋಕೆ ಇಷ್ಟು ಜನ ಟಿಕೆಟ್ ತಗೊಂಡು ಬಂದಿದ್ದಾರೆ. ಅವನು ಮಾತ್ರ ನೌಕರ ಅಲ್ಲ."

ಅಷ್ಟೇ ಸಾಕಾಯಿತು. ಗುಂಪು ಎರಡು ಪಕ್ಷವಾಯಿತು. ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಎಜುಕೇಷನ್ ಲೋನ್ ತೆಗೆದವರು ನಮ್ಮಲ್ಲಿ ಕಡಿಮೆ ಇಲ್ಲ. ಅವರ ಮಾತು ನೇರ: "ಫೀಸು ಫ್ರೀ, ಹಾಸ್ಟೆಲ್ ಫ್ರೀ, ಮೆಸ್ಸೂ ಫ್ರೀ. ಇದರ ಮೇಲೆ ದುಡ್ಡು ಬೇರೆ ಬೇಕಾ?" ಉಳಿದವರು "ದುಡಿದವನಿಗೆ ಕೂಲಿ ಕೊಡಬೇಕಲ್ವಾ" ಅಂದರು. ಎರಡು ಶನಿವಾರ ಕೂತು ಓದಿದೆವು. ಓದಿದ ಮೇಲೆ ನಮಗೆ ಅನ್ನಿಸಿದ್ದು, ಸ್ಕಾಲರ್‌ಶಿಪ್ ಸಾಕೋ ಸಾಲದೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ ಅಂತ. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಅದರ ಗಾತ್ರ ತಿಳಿಯಬೇಕು. (ಫುಟ್‌ಬಾಲ್ ಅಂದರೆ ಇಲ್ಲಿ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಫುಟ್‌ಬಾಲ್. ನಾವು ಆಡುವುದನ್ನು ಅವರು ಸಾಕರ್ ಅಂತಾರೆ.) ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,000ಕ್ಕೂ ಹೆಚ್ಚು ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ಅದೂ ಒಂದು ಕಾಲೇಜಿನ ಮೈದಾನ. ಇದನ್ನೆಲ್ಲ ನಡೆಸುವುದು 1906ರಲ್ಲಿ ಹುಟ್ಟಿದ ಕಾಲೇಜು ಕ್ರೀಡಾ ಸಂಘ, ಎನ್‌ಸಿಎಎ. ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕಿಗೆ 2010ರಲ್ಲಿ ಅದಕ್ಕೆ ಸಿಕ್ಕ ಒಪ್ಪಂದ 14 ವರ್ಷಕ್ಕೆ 1,080 ಕೋಟಿ ಡಾಲರ್. 2016ರಲ್ಲಿ ಅದನ್ನು ಇನ್ನೂ 8 ವರ್ಷ ಮುಂದುವರಿಸಿದಾಗ ಮತ್ತೆ 880 ಕೋಟಿ. ಗಮನಿಸಿ, ರೂಪಾಯಿ ಅಲ್ಲ, ಡಾಲರ್.

ಇಷ್ಟು ದುಡ್ಡು ಓಡಾಡುವ ಕಡೆ ಆಟಗಾರನಿಗೆ ಸಿಗುತ್ತಿದ್ದದ್ದು ಓದು, ಊಟ, ವಸತಿ. ಅದನ್ನು ಸಣ್ಣದು ಅನ್ನುವಂತಿಲ್ಲ. ಅಲ್ಲಿನ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಒಟ್ಟು ಖರ್ಚು 80,000 ಡಾಲರ್ ದಾಟುತ್ತದೆ. ಆದರೆ ಈ ಸ್ಕಾಲರ್‌ಶಿಪ್ಪಿನ ಷರತ್ತು ಓದಿದಾಗ ನಮ್ಮ ಲೋನ್ ಪಕ್ಷದವರೂ ಸ್ವಲ್ಪ ತಣ್ಣಗಾದರು. 1973ರಿಂದ ಸುಮಾರು 4 ದಶಕ ಅದು ಒಂದು ವರ್ಷದ್ದು ಮಾತ್ರ, ಪ್ರತಿವರ್ಷ ನವೀಕರಿಸಬೇಕು. ಆಟ ಕೆಟ್ಟರೆ, ಕೋಚ್‌ಗೆ ಬೇಡವಾದರೆ, ಮುಂದಿನ ವರ್ಷಕ್ಕೆ ಇಲ್ಲ. ಒಂದಕ್ಕಿಂತ ಹೆಚ್ಚು ವರ್ಷಕ್ಕೆ ಕೊಡಲು ಮತ್ತೆ ಅವಕಾಶವಾದದ್ದು 2012ರ ಹೊತ್ತಿಗೆ. ಇಂಟರ್ನಲ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದರೂ ಮೈದಾನದಲ್ಲಿ ಬಿದ್ದರೆ ಸೀಟು ಅಲ್ಲಾಡುವ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿವೇತನ ಅಂತ ಹೇಗೆ ಕರೆಯೋದು? 2014ರಲ್ಲಿ ಕನೆಕ್ಟಿಕಟ್ ತಂಡ ಚಾಂಪಿಯನ್ ಆದಾಗ ಅದರ ತಾರೆ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಅಂತ ಪತ್ರಕರ್ತರ ಮುಂದೆ ಹೇಳಿದ. ಕೆಲವೇ ದಿನಗಳಲ್ಲಿ ಊಟದ ಮೇಲಿನ ಮಿತಿ ತೆಗೆಯುವ ತೀರ್ಮಾನ ಹೊರಬಿತ್ತು.

ಇಷ್ಟವಿಲ್ಲದಿದ್ದರೆ ನೇರ ವೃತ್ತಿಪರ ಲೀಗಿಗೆ ಹೋಗಲಿ ಅಂತ ನಮ್ಮಲ್ಲೊಬ್ಬರು ಕೇಳಿದರು. ಆಗುವುದಿಲ್ಲ. ಹೈಸ್ಕೂಲ್ ಮುಗಿಸಿ 3 ವರ್ಷ ಆಗುವವರೆಗೆ ಎನ್‌ಎಫ್‌ಎಲ್ ಯಾರನ್ನೂ ಸೇರಿಸಿಕೊಳ್ಳಲ್ಲ. ಆ 3 ವರ್ಷ ಆಡಲು ಕಾಲೇಜು ಬಿಟ್ಟರೆ ಬೇರೆ ದಾರಿ ಇಲ್ಲವೆಂದೇ ಹೇಳಬೇಕು.

ಈಗ ಇಡೀ ಪಾಠದಲ್ಲಿ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ ಭಾಗಕ್ಕೆ ಬರೋಣ. ಅದು ಒಂದು ಪದದ ಕಥೆ. ಕನ್ನಡ ಸಂಘದವರಿಗೆ ಪದ ಅಂದರೆ ಕಿವಿ ನೆಟ್ಟಗಾಗುತ್ತದೆ, ಏನು ಮಾಡೋದು.

ಅಮೆರಿಕದಲ್ಲಿ ಇವರನ್ನು ಬರೀ ಆಟಗಾರ ಅನ್ನುವುದಿಲ್ಲ, ಬರೀ ವಿದ್ಯಾರ್ಥಿ ಅಂತಲೂ ಅನ್ನುವುದಿಲ್ಲ. 'ಸ್ಟೂಡೆಂಟ್ ಅಥ್ಲೀಟ್' ಅನ್ನುತ್ತಾರೆ, ವಿದ್ಯಾರ್ಥಿ-ಕ್ರೀಡಾಪಟು. ಕೇಳಲು ಎಷ್ಟು ಚೆನ್ನಾಗಿದೆ! ಯಾರೋ ಶಿಕ್ಷಣ ತಜ್ಞರು ಕೊಟ್ಟ ಹೆಸರು ಅಂದುಕೊಂಡಿದ್ದೆವು. ಅಲ್ಲ. ಕೊಲರಾಡೊ ರಾಜ್ಯದ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ನೆಮೆತ್ ಎಂಬ ಫುಟ್‌ಬಾಲ್ ಆಟಗಾರ ಅಭ್ಯಾಸದಲ್ಲಿ ಗಾಯಗೊಂಡ. ಟೆನಿಸ್ ಅಂಗಳ ನೋಡಿಕೊಳ್ಳುವ ಕೆಲಸ ಅಂತ ಅವನಿಗೆ ಕಾಲೇಜು ಒಂದಿಷ್ಟು ದುಡ್ಡು ಕೊಡುತ್ತಿತ್ತು. ತಂಡದಲ್ಲಿ ಇದ್ದರೆ ಮಾತ್ರ ಆ ಕೆಲಸ. 1953ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಹಾಗಾದರೆ ಆಟವೂ ಅವನ ಕೆಲಸದ ಭಾಗವೇ, ಕಾರ್ಮಿಕರ ಪರಿಹಾರ ಕೊಡಿ ಅಂದಿತು. ಕಾಲೇಜುಗಳಿಗೆ ಚಳಿ ಹಿಡಿಯಿತು.

ಎರಡೇ ವರ್ಷಕ್ಕೆ, 1955ರಲ್ಲಿ, ಅದೇ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ, ಕೆಲಸದ ಮೇಲೆ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರ ಕೇಳಿದಳು. 1957ರಲ್ಲಿ ಅದೇ ನ್ಯಾಯಾಲಯ ಇಲ್ಲ ಅಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಅವನು ಅದರ ನೌಕರನೂ ಅಲ್ಲ ಅನ್ನುವುದು ತೀರ್ಪಿನ ಸಾರ. ಆ ಹೊತ್ತಿನಲ್ಲೇ ಎನ್‌ಸಿಎಎ 'ಸ್ಟೂಡೆಂಟ್ ಅಥ್ಲೀಟ್' ಪದವನ್ನು ತನ್ನ ನಿಯಮಗಳಲ್ಲೆಲ್ಲ ತುಂಬಿತು. ಇದು ವಿರೋಧಿಗಳ ಆರೋಪವಲ್ಲ. 1951ರಿಂದ 1988ರವರೆಗೆ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್, ನಿವೃತ್ತಿಯ ನಂತರ 1995ರಲ್ಲಿ ತಂದ ತಮ್ಮ ಪುಸ್ತಕದಲ್ಲಿ ತಾವೇ ಒಪ್ಪಿಕೊಂಡಿದ್ದಾರೆ. ಆಟಗಾರರನ್ನು ನೌಕರರು ಅಂತ ಯಾರಾದರೂ ಕರೆದಾರು ಅನ್ನುವ ಭಯಕ್ಕೆ ಕಟ್ಟಿದ ಪದ ಅದು.

ಪದ ಕೆಲಸ ಮಾಡಿತಾ ಅಂದರೆ, ಮಾಡಿತು. 1974ರಲ್ಲಿ ಟೆಕ್ಸಾಸ್‌ನ ಟಿಸಿಯು ತಂಡದ ಕೆಂಟ್ ವಾಲ್ಡ್ರೆಪ್ ಅಲಬಾಮಾ ವಿರುದ್ಧದ ಪಂದ್ಯದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಕತ್ತಿನ ಕೆಳಗೆ ಮೈ ಸ್ವಾಧೀನ ಹೋಯಿತು. ಎಷ್ಟೋ ವರ್ಷದ ಮೇಲೆ, 1993ರಲ್ಲಿ, ಕಾರ್ಮಿಕರ ಪರಿಹಾರ ಆಯೋಗ ಅವನ ಪರವಾಗಿ ಹೇಳಿತು. ವಿಮಾ ಕಂಪನಿ ಕೋರ್ಟಿಗೆ ಹೋಯಿತು. 2000ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಕಡೆಗೇ ನಿಂತಿತು. ಸ್ಕಾಲರ್‌ಶಿಪ್ ಹಣಕ್ಕೆ ಅವನು ಆದಾಯ ತೆರಿಗೆ ಕಟ್ಟಿರಲಿಲ್ಲ, ಹಾಗಾಗಿ ಅದು ಸಂಬಳ ಅಂತ ಅವನೂ ಆಗ ತಿಳಿದಿರಲಿಲ್ಲ ಅನ್ನುವುದೂ ಒಂದು ಕಾರಣವಾಯಿತು. 20 ವರ್ಷದ ಹುಡುಗನಿಗೆ ಅದೆಲ್ಲ ಹೇಗೆ ತಿಳಿದಿರಬೇಕಿತ್ತೋ. ಈ ಪ್ಯಾರಾ ಓದಿದ ದಿನ ನಮ್ಮ ಕಬಡ್ಡಿ ತಂಡದ ಗೆಳೆಯ, ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು 4 ತಿಂಗಳು ಮನೆಯಲ್ಲಿ ಕೂತಿದ್ದವನು, ಏನೂ ಮಾತಾಡಲಿಲ್ಲ. ಆಪರೇಷನ್ ಬಿಲ್ ಅವನ ಅಪ್ಪ ಕಟ್ಟಿದ್ದು ನಮಗೆಲ್ಲ ಗೊತ್ತು. ನಮ್ಮ ಪಂದ್ಯಗಳಿಂದ ಯಾರಿಗೂ ಒಂದು ರೂಪಾಯಿ ಲಾಭ ಇಲ್ಲ, ಆ ವ್ಯತ್ಯಾಸ ಇದ್ದೇ ಇದೆ. ಮೊಣಕಾಲು ಮಾತ್ರ ಎಲ್ಲ ಕಡೆ ಒಂದೇ.

ನಂತರದ ಕೋರ್ಟು ಕಥೆ ಬೇಗ ಹೇಳಬಹುದು. 1995ರಲ್ಲಿ ಯುಸಿಎಲ್‌ಎ ತಂಡ ಚಾಂಪಿಯನ್ ಆದಾಗ ಅದರಲ್ಲಿದ್ದ ಎಡ್ ಒಬ್ಯಾನನ್, ವರ್ಷಗಳ ಮೇಲೆ ಸ್ನೇಹಿತನ ಮನೆಯಲ್ಲಿ ಒಂದು ವಿಡಿಯೊ ಗೇಮ್ ನೋಡಿದ. ಹೆಸರು ಇಲ್ಲ, ಆದರೆ ಅದೇ 31ನೇ ನಂಬರಿನ ಜೆರ್ಸಿ, ಅದೇ ಎಡಗೈ ಆಟ. ಗೇಮ್ ಮಾರಿದವರಿಗೆ ದುಡ್ಡು, ಇವನಿಗೆ ಬಿಡಿಗಾಸಿಲ್ಲ. 2009ರಲ್ಲಿ ದಾವೆ ಹೂಡಿದ, 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವನ ಪರ ತೀರ್ಪು ಕೊಟ್ಟರು. 2019ರಲ್ಲಿ ಕ್ಯಾಲಿಫೋರ್ನಿಯಾ, ಆಟಗಾರ ತನ್ನ ಹೆಸರು-ಮುಖದಿಂದ ಜಾಹೀರಾತಿನಲ್ಲಿ ದುಡಿಯಬಹುದು ಅಂತ ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ದೇಶದ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳೂ ಒಂದೇ ಮಾತಾಗಿ ಎನ್‌ಸಿಎಎ ವಿರುದ್ಧ ನಿಂತರು. ನ್ಯಾಯಮೂರ್ತಿ ಕ್ಯಾವನಾ ಬೇರೆಯಾಗಿ ಬರೆದ ಟಿಪ್ಪಣಿಯ ತಾತ್ಪರ್ಯ: ದುಡಿಯುವವರಿಗೆ ಸರಿಯಾದ ಕೂಲಿ ಕೊಡದಿರುವುದೇ ನಮ್ಮ ಸರಕಿನ ವಿಶೇಷ ಅಂತ ಬೇರೆ ಯಾವ ಉದ್ದಿಮೆ ಹೇಳಿದರೂ ನಡೆಯುವುದಿಲ್ಲ. ಜುಲೈ 1ರಿಂದ ಜಾಹೀರಾತಿನ ದುಡಿಮೆ ದೇಶದಾದ್ಯಂತ ತೆರೆಯಿತು. ಕೊನೆಗೆ 2025ರ ಜೂನ್ 6ರಂದು ಅದೇ ವಿಲ್ಕನ್ ಅವರು ಹೌಸ್ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ 10 ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಈಗಿನವರಿಗೆ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಹೆಚ್ಚೆಂದರೆ ಸುಮಾರು 2.05 ಕೋಟಿ ಡಾಲರ್.

ಅಂದಮೇಲೆ ಜಗಳ ಮುಗಿಯಿತಲ್ಲ? ಕ್ಯಾಲ್ಕ್ಯುಲೇಟರ್ ತೆಗೆಯಿರಿ. ಹಳೆಯ ಬಾಕಿ ಹಂಚಲು ಇಟ್ಟುಕೊಂಡ ಅಂದಾಜು ಲೆಕ್ಕ ಹೀಗಿದೆ: ಫುಟ್‌ಬಾಲಿಗೆ ಶೇ. 75, ಪುರುಷರ ಬಾಸ್ಕೆಟ್‌ಬಾಲಿಗೆ ಶೇ. 15, ಮಹಿಳೆಯರ ಬಾಸ್ಕೆಟ್‌ಬಾಲಿಗೆ ಶೇ. 5, ಉಳಿದ ಎಲ್ಲ ಆಟಕ್ಕೂ ಸೇರಿ ಶೇ. 5. ಯಾವುದಾದರೂ ವಿಶ್ವವಿದ್ಯಾಲಯ ಹೊಸ ಹಣವನ್ನೂ ಇದೇ ಅನುಪಾತದಲ್ಲಿ ಹಂಚಿದರೆ ಫುಟ್‌ಬಾಲಿಗೆ 1,53,75,000 ಡಾಲರ್. ತಂಡದ ಮಿತಿ 105 ಜನ, ಸರಾಸರಿ ತಲೆಗೆ 1,46,000 ಚಿಲ್ಲರೆ. ಈಜು, ಓಟ, ಕುಸ್ತಿ, ಜಿಮ್ನಾಸ್ಟಿಕ್ಸ್, ವಾಲಿಬಾಲ್ ಎಲ್ಲ ಸೇರಿ 10,25,000. ಆ ನೂರಾರು ಜನರಿಗೆ ತಲಾ ಎಷ್ಟು ಬರುತ್ತದೆ ಅಂತ ನೀವೇ ಭಾಗಿಸಿ. 1972ರ ಟೈಟಲ್ 9 ಎಂಬ ಕಾನೂನು ಶಿಕ್ಷಣದಲ್ಲಿ ಗಂಡು-ಹೆಣ್ಣು ಭೇದ ಕೂಡದು ಅನ್ನುತ್ತದೆ. ಇದರ ಆಧಾರದ ಮೇಲೆ ಮಹಿಳಾ ಕ್ರೀಡಾಪಟುಗಳು ಹಳೆ ಬಾಕಿಯ ಹಂಚಿಕೆ ವಿರುದ್ಧ ಮೇಲ್ಮನವಿ ಹಾಕಿದರು. ಫುಟ್‌ಬಾಲೇ ದುಡ್ಡು ತರುವುದು, ಅದಕ್ಕೇ ಹೋಗಲಿ ಅನ್ನುವ ವಾದವೂ ಅಷ್ಟು ಸಲೀಸಲ್ಲ: 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಆಡಿದ ಮಹಿಳಾ ಬಾಸ್ಕೆಟ್‌ಬಾಲ್ ಫೈನಲ್ಲನ್ನು 1.8 ಕೋಟಿಗೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು, ಪುರುಷರ ಫೈನಲ್‌ಗಿಂತ ಜಾಸ್ತಿ. ಹಿಂದೆಂದೂ ಹೀಗೆ ಆಗಿರಲಿಲ್ಲ. ತೋರಿಸದ ಆಟ ದುಡ್ಡು ತರುವುದಾದರೂ ಹೇಗೆ ಅಂತ ನಮ್ಮ ಹುಡುಗಿಯರ ತಂಡದವರು ಕೇಳಿದ್ದಕ್ಕೆ ಉತ್ತರ ಕೊಡಲು ಯಾರಿಗೂ ಆಗಲಿಲ್ಲ.

ವಿರೋಧ ಪಕ್ಷದ ಗಟ್ಟಿ ವಾದ ಇನ್ನೊಂದಿದೆ. ಬಹುಪಾಲು ಕಾಲೇಜುಗಳ ಕ್ರೀಡಾ ವಿಭಾಗ ಲಾಭದಲ್ಲಿಲ್ಲ. ಫುಟ್‌ಬಾಲಿನ ಹಣದಿಂದಲೇ ಸಣ್ಣ ಆಟಗಳು ಉಸಿರಾಡುತ್ತಿವೆ. ಸಂಬಳ ಅಂತ ಶುರುವಾದರೆ ಮೊದಲು ಮುಚ್ಚುವುದು ಈಜುಕೊಳ, ಟೆನಿಸ್ ತಂಡ. ಈ ಭಯ ಸುಳ್ಳಲ್ಲ, ನಮ್ಮಲ್ಲೂ ಹಲವರು ಇಲ್ಲಿ ತಲೆಯಾಡಿಸಿದರು. ಆದರೆ ದುಡ್ಡಿಲ್ಲ ಅನ್ನುವವರ ಖರ್ಚನ್ನೂ ನೋಡಬೇಕಲ್ಲ. 2023ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಜಿಂಬೋ ಫಿಶರ್ ಅವರನ್ನು ಒಪ್ಪಂದದ ಅವಧಿ ಮುಗಿಯುವ ಮೊದಲೇ ತೆಗೆಯಿತು. ಅದಕ್ಕೆ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಮಿಕ್ಕಿ. ಕೆಲಸ ಮಾಡಿದ್ದಕ್ಕಲ್ಲ, ಮಾಡದೆ ಮನೆಗೆ ಹೋಗಿದ್ದಕ್ಕೆ!

ಇಷ್ಟಾದರೂ ಹೌಸ್ ರಾಜಿ ಒಂದು ವಿಷಯವನ್ನು ಮುಟ್ಟಲಿಲ್ಲ. ಹಣ ಬಂತು, ಆದರೆ ಆಟಗಾರ ಇನ್ನೂ ನೌಕರನಲ್ಲ. 2024ರ ಆಗಸ್ಟಿನಿಂದ, ಆಟದಲ್ಲಾದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ 2 ವರ್ಷ ಚಿಕಿತ್ಸೆಯ ಖರ್ಚು ನೋಡಿಕೊಳ್ಳಬೇಕು ಎಂಬ ನಿಯಮ ಮೇಲ್ದರ್ಜೆಯ ಕಾಲೇಜುಗಳಿಗೆ ಬಂದಿದೆ, ಅದು ಒಳ್ಳೆಯದೇ. ಆದರೆ ವಾಲ್ಡ್ರೆಪ್ ಗಾಲಿಕುರ್ಚಿಯಲ್ಲಿ ಬದುಕಿದ್ದು 2 ವರ್ಷ ಅಲ್ಲ, 2022ರಲ್ಲಿ ಸಾಯುವವರೆಗೆ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಹುಡುಗರು ಯೂನಿಯನ್ ಕಟ್ಟಲು ಹೋದಾಗ ಅವರ ಬೇಡಿಕೆಯಲ್ಲಿ ಮುಂದೆ ಇದ್ದದ್ದೂ ವೈದ್ಯಕೀಯ ರಕ್ಷಣೆಯೇ. ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಇವರು ನೌಕರರೇ ಅಂದರು. 2015ರ ಆಗಸ್ಟಿನಲ್ಲಿ ಮೇಲಿನ ಮಂಡಳಿ ಆ ಪ್ರಶ್ನೆಗೆ ಉತ್ತರ ಕೊಡದೆ, ಇದು ನಮ್ಮ ವ್ಯಾಪ್ತಿಗೆ ತೆಗೆದುಕೊಳ್ಳುವುದಿಲ್ಲ ಅಂತ ಕೈಬಿಟ್ಟಿತು. ತಮಾಷೆ ಅಂದರೆ, ಮರುವರ್ಷ 2016ರಲ್ಲಿ ಅದೇ ಮಂಡಳಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ಪಾಠ ಮಾಡಿ ಸಂಬಳ ಪಡೆಯುವ ವಿದ್ಯಾರ್ಥಿಗಳು ನೌಕರರೇ ಅಂತ ಹೇಳಿತು. ನಮ್ಮ ಸೀನಿಯರ್ ಮಾಡುವ ಕೆಲಸವೂ ಅದೇ ಜಾತಿಯದು. ವಿದ್ಯಾರ್ಥಿಯಾಗಿದ್ದುಕೊಂಡೇ ನೌಕರನಾಗಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ನಮ್ಮ ಗುಂಪಿನ ಹೆಚ್ಚಿನವರು ಕೊನೆಗೆ ನಿಂತದ್ದು ಇಲ್ಲಿ: ತಾರೆಗಳಿಗೆ ಎಷ್ಟು ಲಕ್ಷ ಅನ್ನುವುದು ಎರಡನೆಯ ಮಾತು, ಮೊದಲು ಡೆನಿಸನ್‌ನ ಹೆಂಡತಿ ಕೇಳಿದ್ದನ್ನು ಕೊಡಲಿ. ಇಬ್ಬರು ಮಾತ್ರ ಒಪ್ಪಲಿಲ್ಲ. ನೌಕರ ಅಂದ ಮೇಲೆ ಕೆಲಸದಿಂದ ತೆಗೆಯಲೂಬಹುದು, ಆಗ ಓದಿನ ಗತಿ ಏನು ಅಂತ ಅವರ ತಕರಾರು. ನವೀಕರಣದ ಹೆಸರಲ್ಲಿ ಈಗಲೂ ತೆಗೆದಿದ್ದಾರಲ್ಲ ಅಂದೆವು. ಅವರಿಗೆ ಸಮಾಧಾನ ಆಗಲಿಲ್ಲ.

ವಿದೇಶಕ್ಕೆ ಹೋಗುವ ನಮ್ಮ ಓದುಗರಿಗೆ ಒಂದು ಸಂಗತಿ. ಎಫ್-1 ವೀಸಾದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಹೊರಗೆ ದುಡಿಯಲು ಬಿಗಿ ನಿರ್ಬಂಧ. ಹಾಗಾಗಿ ಜಾಹೀರಾತಿನ ಬಾಗಿಲು ತೆರೆದರೂ ವಿದೇಶಿ ಆಟಗಾರರಿಗೆ ಅದು ಅರ್ಧ ಮುಚ್ಚಿಯೇ ಇತ್ತು. ಪರ್ಡ್ಯೂ ವಿಶ್ವವಿದ್ಯಾಲಯದ ಪರವಾಗಿ ಆಡಿ ದೇಶದ ಅತ್ಯುತ್ತಮ ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರ ಅನ್ನಿಸಿಕೊಂಡ ಝ್ಯಾಕ್ ಈಡಿ ಕೆನಡಾದವನು. ಸಹ ಆಟಗಾರರು ದುಡಿಯುವಂತೆ ದುಡಿಯಲು ಅವನಿಗೆ ಈ ವೀಸಾ ಅಡ್ಡ ಬಂತು.

2024ರ ಮಾರ್ಚಿನಲ್ಲಿ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಯೂನಿಯನ್ ಪರವಾಗಿ 13-2 ಮತ ಹಾಕಿತು. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ! ಆ ಡಿಸೆಂಬರ್ ಕೊನೆಗೆ ಅವರು ಅರ್ಜಿ ವಾಪಸ್ ಪಡೆದರು. ಅದೇ ವರ್ಷ ಜುಲೈನಲ್ಲಿ ಜಾನ್ಸನ್ ಪ್ರಕರಣದಲ್ಲಿ ಒಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ, ಕಾಲೇಜು ಆಟಗಾರರು ಕನಿಷ್ಠ ಕೂಲಿ ಕಾನೂನಿನ ಪ್ರಕಾರ ನೌಕರರಾಗಿರಲು ಸಾಧ್ಯವಿದೆ, ಪರೀಕ್ಷಿಸಿ ನೋಡಿ ಅಂತ ಕೆಳಗಿನ ಕೋರ್ಟಿಗೆ ಕಳಿಸಿತು. ಮುಂದಿನ ಶನಿವಾರ ಸಂಜೆ 5ಕ್ಕೆ ನಾವು ಓದಲು ಕೂರುವುದು ಆ ತೀರ್ಪನ್ನೇ. ಒಪ್ಪದ ಆ ಇಬ್ಬರು ಖಂಡಿತ ಬರಬೇಕು. ಸೀನಿಯರ್‌ಗೂ ಹೇಳಿದ್ದೇವೆ, ಅವರಿಗೆ ಅದು ಬೆಳಗಿನ ಹೊತ್ತು, ಎದ್ದರೆ ವಿಡಿಯೊ ಕಾಲ್‌ಗೆ ಬರ್ತಾರೆ.