ಜಂಪರದ ಚೂರು, ಶುಭಾಶಯದ ಕಾರ್ಡು

80 ಸೆಂಟಿಮೀಟರ್ ಬಟ್ಟೆಯಲ್ಲಿ ಒಂದು ಜಂಪರ ಕತ್ತರಿಸಿದ ಮೇಲೆ ಉಳಿಯುವುದು ಇಷ್ಟೇ: ಕಂಕುಳ ಸುತ್ತಿನ ಬಾಗಿದ ಚೂರುಗಳು, ತೋಳಿನ ಪಕ್ಕದ ಒಂದೆರಡು ಪಟ್ಟಿ, ಬೆರಳಗಲದ ಅಂಚು, ಮತ್ತೆ ಕೊರಳಿಗೆಂದು ತೆಗೆದ ತುಂಡು. ಪಟ್ಟಿಗಳು ಪೈಪಿಂಗಿಗೋ ಬೆನ್ನಿನ ಲಾಡಿಗೋ ಹೋಗುತ್ತವೆ. ಅದಕ್ಕೂ ಬಾರದ್ದು ಯಂತ್ರದ ಕೆಳಗಿನ ಚೀಲ ಸೇರುತ್ತದೆ. ಧಾರವಾಡದಲ್ಲಿ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡು ಬದುಕುವ ನನ್ನಂಥವರ ಮನೆಯಲ್ಲಿ ಈ ಚೀಲ ತುಂಬಲು ಹೆಚ್ಚು ದಿನ ಬೇಕಿಲ್ಲ. ಲಗ್ನದ ಸುಗ್ಗಿಯಲ್ಲಂತೂ ಚೀಲ ಕಟ್ಟಿ ಇನ್ನೊಂದು ತೆಗೆಯಬೇಕು.

ನಮ್ಮ ಕಡೆ ಚೂರು ಬಟ್ಟೆಗೆ ಮೊದಲಿಂದಲೂ ಒಂದು ಗತಿ ಇದೆ. ಅದು ಕೌದಿ. ಹಳೆ ಸೀರೆ, ಧೋತರಗಳ ಪದರಿನ ಮೇಲೆ ಚೂರುಗಳನ್ನು ಜೋಡಿಸಿ, ಸಾಲು ಹಿಡಿದು ಹೊಲಿದರೆ ಚಳಿಗಾಲ ಕಳೆಯಿತು. ಆದರೆ ಕೌದಿಗೆ ಒಗೆದರೆ ತಡೆಯುವ ಮೆತ್ತಗಿನ ಹತ್ತಿ ಬಟ್ಟೆ ಬೇಕು, ಅಂಗೈಯಷ್ಟಾದರೂ ಅಗಲ ಬೇಕು. ಚುಚ್ಚುವ ಜರಿ, ಜಾರುವ ಸ್ಯಾಟಿನ್, ನೆಟ್, ಟಿಶ್ಯೂ ಇವನ್ನು ಯಾವ ಅಜ್ಜಿಯೂ ಕೌದಿಗೆ ಸೇರಿಸಲಿಲ್ಲ. ಈಗಿನ ಜಂಪರಗಳಲ್ಲಿ ಬಹುಪಾಲು ಅಂಥವೇ. ಕೌದಿಯಿಂದ ಹೊರಗುಳಿದ ಈ ಚೂರುಗಳೇ ನನ್ನ ಶುಭಾಶಯ ಕಾರ್ಡುಗಳ ಬಂಡವಾಳ.

ಕಾರ್ಡು ಮಾಡುವವರು ಸಾಮಾನ್ಯವಾಗಿ ಮೊದಲು ಚಿತ್ರ ಯೋಚಿಸಿ, ಆಮೇಲೆ ಅದಕ್ಕೆ ಹೊಂದುವ ಬಟ್ಟೆ ಹುಡುಕುತ್ತಾರೆ. ಹೊಲಿಗೆಯವರಿಗೆ ಆ ಕಷ್ಟವಿಲ್ಲ, ಆಕಾರವನ್ನು ಕತ್ತರಿ ಆಗಲೇ ಕೊಟ್ಟಿರುತ್ತದೆ. ಬೆನ್ನಿಗೆ ಮಟಕಾ ನೆಕ್ ಕೇಳುವವರು ಈಗ ಬಹಳ. ಬಟ್ಟೆ ಮಡಚಿಟ್ಟು ಕತ್ತರಿಸುವುದರಿಂದ ಆ ತುಂಡನ್ನು ಬಿಡಿಸಿದರೆ ಎರಡೂ ಬದಿ ಸಮನಾದ ಒಂದು ಗಡಿಗೆ ಕೈಗೆ ಬರುತ್ತದೆ. ಅದರ ಬಾಯಿಗೆ ಹಸಿರು ಅಸ್ತರಿನ ಐದು ಎಲೆ ಸಿಕ್ಕಿಸಿದರೆ ಕಲಶ, ಎರಡು ಕಬ್ಬಿನ ಜಲ್ಲೆ ಆನಿಸಿದರೆ ಸಂಕ್ರಮಣ. ದುಂಡು ಕೊರಳಿನ ತುಂಡು ಅರ್ಧ ಸೂರ್ಯ. ‘ವಿ’ ಕೊರಳಿನದನ್ನು ತಿರುಗಿಸಿಟ್ಟರೆ ಗುಡಿಯ ಶಿಖರ, ಹಾಗೇ ಬಿಟ್ಟರೆ ಜಾತ್ರೆಯ ಪರಪರಿಯ ಒಂದು ತುಣುಕು. ಕಂಕುಳದ ಬಾಗಿದ ಚೂರು ಗಿಳಿಯ ರೆಕ್ಕೆಗೆ ಹೇಳಿ ಮಾಡಿಸಿದ್ದು. ತುಂಡು ತಾನೇ ತೋರಿಸುವ ಚಿತ್ರವನ್ನು ಒಪ್ಪಿಕೊಂಡಾಗಲೆಲ್ಲ ಕಾರ್ಡು ಚೆನ್ನಾಗಿ ಬಂದಿದೆ. ಅದನ್ನು ಮತ್ತೆ ಕತ್ತರಿಸಿ ಗುಲಾಬಿ ಮಾಡಹೊರಟರೆ ಅಂಗಡಿಯ ಕಾರ್ಡಿನ ಬಡ ನಕಲು ಆಗುತ್ತದೆ, ಅಷ್ಟೇ.

ಕಾಗದದ ಮೇಲೆ ಬಟ್ಟೆ ಕೂರಿಸುವುದರಲ್ಲಿ ದೊಡ್ಡ ತೊಡಕು ಎಳೆ ಬಿಚ್ಚುವುದು. ಜರಿ ಬಟ್ಟೆಯ ಅಂಚು ಬೆರಳು ತಾಗಿದರೆ ಸಾಕು, ಉದುರುತ್ತ ಬರುತ್ತದೆ. ಇದಕ್ಕೆ ಮದ್ದು ನಮ್ಮ ಕಸುಬಿನಲ್ಲೇ ಇತ್ತು. ಕೊರಳು ಗಟ್ಟಿ ನಿಲ್ಲಲು ಒಳಗೆ ಇಸ್ತ್ರಿಯಿಂದ ಅಂಟಿಸುವ ಪೇಸ್ಟಿಂಗ್ ಕ್ಯಾನ್ವಾಸ್ ಇದೆಯಲ್ಲ, ಅದರ ಚೂರುಗಳೂ ಅದೇ ಚೀಲದಲ್ಲಿರುತ್ತವೆ. ಚೂರು ಬಟ್ಟೆಯ ಹಿಂದೆ ಕ್ಯಾನ್ವಾಸಿನ ಅಂಟಿನ ಮೈ ಇಟ್ಟು, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ಉಜ್ಜದೆ ಒತ್ತಿ ಹಿಡಿಯಬೇಕು. ಆರಿದ ಮೇಲೆ ಕತ್ತರಿಸಿದರೆ ಅಂಚು ಕಾಗದದಷ್ಟು ಚೊಕ್ಕ. ಟಿಶ್ಯೂ, ನೆಟ್ಟುಗಳಿಗೆ ಇದು ಆಗದು, ಬಿಸಿಗೆ ಮುದುಡಿಹೋಗುತ್ತವೆ. ಅವನ್ನು ಅಂಟಿಸದೆ ಹೊಲಿಯುವುದೇ ಸರಿ.

ಅಂಟಿನ ವಿಷಯಕ್ಕೆ ಬಂದರೆ, ಎಲ್ಲರ ಕೈ ಮೊದಲು ಫೆವಿಕಾಲ್ ಡಬ್ಬಿಗೇ ಹೋಗುತ್ತದೆ. ಅದು ನೀರಿನಲ್ಲಿ ಕಲಸಿದ ಅಂಟು. ತೆಳು ರೇಷ್ಮೆಯಲ್ಲಿ ಮೇಲಕ್ಕೆ ಒಸರಿ ಕಲೆ ನಿಲ್ಲುತ್ತದೆ, ಕಾಗದ ಒಂದು ಬದಿಯಿಂದ ನೀರು ಕುಡಿದು ಬಿಲ್ಲಿನಂತೆ ಬಾಗುತ್ತದೆ. ಹಿಂದೆ ಕ್ಯಾನ್ವಾಸ್ ಇದ್ದರೆ ಕಲೆಯ ಭಯ ಕಡಿಮೆ. ಆದರೂ ಇಡೀ ಮೈಗೆ ಬಳಿಯದೆ ಅಂಚಿಗೊಂದು ತೆಳು ಗೆರೆ ಎಳೆದು, ಭಾರದ ಪುಸ್ತಕದ ಕೆಳಗೆ ರಾತ್ರಿಯಿಡೀ ಬಿಡಬೇಕು. ನಮ್ಮ ಓಣಿಯ ಹಿರಿಯ ಬೈಂಡಿಂಗ್ ಕೆಲಸದವರು ಈಗಲೂ ಮೈದಾ ಅಂಟನ್ನೇ ನೆಚ್ಚುತ್ತಾರೆ. ಹುಳ ಬೀಳದಿರಲೆಂದು ಅದಕ್ಕೆ ಚೂರು ಮೈಲುತುತ್ತ ಹಾಕುತ್ತಾರೆ. ಮೈಲುತುತ್ತ ವಿಷ, ಮಕ್ಕಳು ಕುಳಿತು ಕಾರ್ಡು ಮಾಡುವ ಮನೆಯಲ್ಲಿ ಅದು ಬೇಡ.

ಕಾಗದಕ್ಕೂ ಉದ್ದೆಳೆ ಅಡ್ಡೆಳೆ ಉಂಟು ಎಂದು ಹೇಳಿಕೊಟ್ಟವರೂ ಆ ಬೈಂಡಿಂಗ್ ಕೆಲಸದವರೇ. ದಪ್ಪ ಹಾಳೆಯನ್ನು ಮಡಚದೆ ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಮಡಿಕೆ ಆ ಕಡೆಗೆ. ವಿರುದ್ಧ ಮಡಚಿದರೆ ಬೆನ್ನು ಬಿರಿದು ಒಳಗಿನ ಬಿಳಿ ನಾರು ಕಾಣುತ್ತದೆ. ಮಡಚುವ ಮೊದಲು ಇಂಕು ತೀರಿದ ಬಾಲ್‌ಪೆನ್ನಿನಿಂದ ಪಟ್ಟಿ ಹಿಡಿದು ಒಂದು ಗೆರೆ ಒತ್ತಿದರೆ ಕೆಲಸ ಮುಗಿಯಿತು, ಬೇರೆ ಸಾಮಾನು ಕೊಳ್ಳಬೇಕಿಲ್ಲ. ಕತ್ತರಿ ಮಾತ್ರ ಎರಡಿರಲಿ. ಕಾಗದಕ್ಕೆ ನುಣುಪು ಕೊಡಲು ಬಿಳಿ ಮಣ್ಣಿನಂಥ ಖನಿಜದ ಪುಡಿ ಸೇರಿಸುತ್ತಾರೆ, ಅದು ಬಟ್ಟೆ ಕತ್ತರಿಯ ಬಾಯಿ ತಿನ್ನುತ್ತದೆ. ನನ್ನ ಬಟ್ಟೆ ಕತ್ತರಿಗೆ ಕಾಗದ ತೋರಿಸಿದವರಿಗೆ ಈ ಮನೆಯಲ್ಲಿ ಚಹಾ ಇಲ್ಲ.

ಕಾಗದದ ಮೇಲೆ ಯಂತ್ರದಲ್ಲೂ ಹೊಲಿಯಬಹುದು. ಸೂಜಿ ಬೇರೆ ಇಟ್ಟುಕೊಳ್ಳಿ, ಟಾಕು ಉದ್ದ ಮಾಡಿ. ಬಟ್ಟೆಯ ಮೇಲಿನ ಎರಡೂವರೆ ಮಿಲಿಮೀಟರಿನ ಟಾಕು ಕಾಗದದ ಮೇಲೆ ಬಿದ್ದರೆ ಸಾಲು ತೂತು ಬಿದ್ದು ಅಂಚೆಚೀಟಿ ಹರಿದಂತೆ ಹರಿದು ಬರುತ್ತದೆ. ನಾಲ್ಕಕ್ಕೆ ಇಟ್ಟರೆ ನಿಲ್ಲುತ್ತದೆ. ಕೈಹೊಲಿಗೆಯಲ್ಲಿ ಕಾಗದಕ್ಕೆ ಒಗ್ಗುವುದು ಕಸೂತಿಯ ಗಾವಂತಿ. ಹೋಗುವಾಗ ಒಂದು ಬಿಟ್ಟು ಒಂದು ಟಾಕು, ಬರುವಾಗ ಬಿಟ್ಟ ಜಾಗ ತುಂಬುವುದು. ಹಿಂದೆ ಮುಂದೆ ಎರಡೂ ಒಂದೇ ಕಾಣುವುದರಿಂದ ಕಾರ್ಡಿನ ಒಳಬದಿಯನ್ನು ಮುಚ್ಚಲು ಇನ್ನೊಂದು ಹಾಳೆ ಬೇಕಾಗುವುದಿಲ್ಲ.

ಹಾಳೆ ಎಲ್ಲಿಂದ ಎಂದರೆ, ಅದಕ್ಕೂ ಉತ್ತರ ಮನೆಯಲ್ಲೇ ಇದೆ: ಲಗ್ನಪತ್ರಿಕೆ. ಒಂದು ಮನೆಗೆ ಬರುವ ಪತ್ರಿಕೆಗಳಲ್ಲಿ ಎಂಥೆಂಥ ದಪ್ಪ ಕಾಗದ ಇರುತ್ತದೆ! ಹೊಳಪಿನ ಲ್ಯಾಮಿನೇಶನ್ ಇದ್ದರೆ ಅಂಟೂ ಹಿಡಿಯದು, ಪೆನ್ನೂ ಓಡದು. ಮಂಕು ಮೈಯದನ್ನು, ಹಿಂಬದಿ ಖಾಲಿ ಇದ್ದದ್ದನ್ನು ಆರಿಸಿಕೊಳ್ಳಬೇಕು. ಬಂಗಾರದ ಬಣ್ಣದ ಉಬ್ಬು ಗಣಪ ಎಷ್ಟೇ ಚೆಂದವಿದ್ದರೂ ನಾನು ಕಾರ್ಡಿಗೆ ಅಂಟಿಸುವುದಿಲ್ಲ. ಪತ್ರಿಕೆ ಬಂದವರಿಗೇ ಆ ಗಣಪನನ್ನು ಎಲ್ಲಿ ಇಡಬೇಕೆಂದು ತಿಳಿಯದು, ಕೊನೆಗೆ ಅರಳಿಕಟ್ಟೆ ಸೇರುತ್ತಾನೆ. ಅದೇ ಪೇಚನ್ನು ಇನ್ನೊಬ್ಬರ ಮನೆಗೆ ದಾಟಿಸುವುದೇಕೆ?

ಅಂಚೆಗೆ ಹಾಕುವ ಕಾರ್ಡಿನ ಲೆಕ್ಕ ಬೇರೆ. ಎ4 ಹಾಳೆ ಎಂದರೆ ಒಂದು ಚದರ ಮೀಟರಿನ 16ನೇ ಒಂದು ಪಾಲು. 300 ಜಿಎಸ್‌ಎಂ ದಪ್ಪದ್ದಾದರೆ ಹೆಚ್ಚುಕಡಿಮೆ 19 ಗ್ರಾಂ ತೂಗುತ್ತದೆ. ಅದರ ಅರ್ಧವನ್ನು ಮಡಚಿದರೆ 105 ಮತ್ತು 148 ಮಿಲಿಮೀಟರಿನ ಕಾರ್ಡು, ಒಂಬತ್ತೂವರೆ ಗ್ರಾಂ. 114 ಮತ್ತು 162ರ ಲಕೋಟೆ ಅದಕ್ಕೆ ಸರಿಯಾಗಿ ಕೂರುತ್ತದೆ. ಸಾದಾ ಪತ್ರದ ಮೊದಲ ಹಂತ 20 ಗ್ರಾಂ. ಲಕೋಟೆಯ ತೂಕ ಕಳೆದರೆ ಬಟ್ಟೆ, ದಾರಗಳಿಗೆ ಐದಾರು ಗ್ರಾಂ ಸಿಗುತ್ತದೆ, ಬೇಕಾದಷ್ಟಾಯಿತು. ಕುಂದಣ, ಗುಂಡಿ, ಗೊಂಡೆ ಅಂಚೆಗೆ ಬೇಡ. ಮೊಹರಿನ ಪೆಟ್ಟು ಗುಂಡಿಯ ಮೇಲೆ ಬಿದ್ದರೆ ಲಕೋಟೆ ಹರಿಯುತ್ತದೆ. ಕೈಯಾರೆ ಕೊಡುವ ಕಾರ್ಡಿಗೆ ಬೇಕಾದ್ದು ಹಚ್ಚಿ.

ಬಟ್ಟೆಯ ಕಾರ್ಡು ಹೊಸದೇನಲ್ಲ. 1914ರಿಂದ 18ರವರೆಗಿನ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂಗಳ ಹೆಂಗಸರು ತೆಳು ರೇಷ್ಮೆ ಜಾಲರಿಯ ಪಟ್ಟಿಗಳ ಮೇಲೆ ಹೂವು, ಬಾವುಟ ಕಸೂತಿ ಮಾಡಿ ಕೊಡುತ್ತಿದ್ದರು. ಅವನ್ನು ತುಂಡರಿಸಿ ರಟ್ಟಿನ ಚೌಕಟ್ಟಿಗೆ ಕೂರಿಸಿದ ಕಾರ್ಡುಗಳನ್ನು ಸೈನಿಕರು ಕೊಂಡು ಊರಿಗೆ ಕಳಿಸುತ್ತಿದ್ದರು. ಕೆಲವಕ್ಕೆ ರೇಷ್ಮೆಯ ಪುಟ್ಟ ಜೇಬು, ಅದರೊಳಗೆ ಇನ್ನೊಂದು ಚಿಕ್ಕ ಚೀಟಿ. ಪುಸ್ತಕವೊಂದರಲ್ಲಿ ಆ ಚಿತ್ರ ನೋಡಿದ ಮೇಲೆ ನಾನೂ ದಸರೆಯ ಕಾರ್ಡಿಗೆ ಗುಳೇದಗುಡ್ಡದ ಖಣದ ಚೂರಿನಲ್ಲಿ ಜೇಬು ಹೊಲಿಯತೊಡಗಿದೆ. ಒಳಗೆ ಎರಡು ಬನ್ನಿ ಎಲೆ. ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎಂದು ಬಾಯಲ್ಲಿ ಹೇಳುವುದನ್ನು ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಅಂಚೆಯಲ್ಲಿ ಹೇಳುವ ದಾರಿ ಅದು.

ಇಷ್ಟು ಕೈಚಳಕವನ್ನು ಯಾರಾದರೂ ನಾಲ್ಕು ಸಂಜೆಗಳಲ್ಲಿ ಕಲಿಯಬಹುದು. ಅಂಗಡಿಯಲ್ಲಿ ಸಿಗದ ಕಾರ್ಡು ಹುಟ್ಟುವುದು ಚೂರು ಯಾರದ್ದೆಂದು ನೆನಪಿದ್ದಾಗ. ಜಂಪರ ಕೊಡುವಾಗ ಉಳಿದ ದೊಡ್ಡ ಚೂರುಗಳನ್ನು ಒಂದು ಕವರಿನಲ್ಲಿ ಹಾಕಿ ಜೊತೆಗೇ ಕೊಟ್ಟುಬಿಡುವುದು ನನ್ನ ರೂಢಿ. ಹೊಲಿಗೆಯವರು ಬಟ್ಟೆ ಉಳಿಸಿಕೊಳ್ಳುತ್ತಾರೆಂಬ ಗುಮಾನಿ ಹಳೆಯದು, ಅದಕ್ಕೆ ಎಡೆ ಕೊಡುವುದು ಬೇಡ. ಕೆಲವರಿಗೆ ಲಗ್ನದ ಬಟ್ಟೆಯ ಎಳೆಯೂ ಹೊರಗೆ ಉಳಿಯಬಾರದು, ದೃಷ್ಟಿಯ ಭಯ. ‘ನೀವ ಇಟ್ಕೋರಿ ಅಕ್ಕಾರ’ ಎಂದವರ ಕವರಿನ ಮೇಲೆ ಹೆಸರು, ತಿಂಗಳು, ಯಾವ ಕಾರ್ಯದ್ದು ಎಂದು ಬರೆದು ಡಬ್ಬಿಗೆ ಹಾಕುತ್ತೇನೆ.

ವರ್ಷ ತಿರುಗಿದ ಮೇಲೆ ಆ ಡಬ್ಬಿ ತೆಗೆಯುವುದೇ ಒಂದು ಸಡಗರ. ಪಕ್ಕದ ಓಣಿಯ ಹುಡುಗಿಯೊಬ್ಬಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿನ ತೊಟ್ಟಿಲ ದಿನ ಒಂದು ಕಾರ್ಡು ಕೊಟ್ಟೆ, ಹಸಿರು ಖಣದ ಅರ್ಧ ಚಂದ್ರ, ಕೆಳಗೆ ಕೆಂಪು ದಾರದ ತೊಟ್ಟಿಲು. ಒಂದು ಕ್ಷಣ ತಿರುಗಿಸಿ ನೋಡಿ, ‘ಅಕ್ಕಾರ, ಇದು ನನ್ನ ಲಗ್ನದ ಅಕ್ಕಿಕಾಳಿನ ಜಂಪರದ್ದ ಹೌದಲ್ರಿ?’ ಅಂದಳು.

‘ಹೌದವಾ, ಕೊರಳಿಂದು.’

‘ಆ ಜಂಪರ ಈಗ ನನಗ ಬರೂದಿಲ್ರಿ,’ ಎಂದು ನಕ್ಕಳು. ಹೊಟ್ಟೆ ಒಳಗೆ ಹೋಗುವವರೆಗೆ ಕಾರ್ಡೇ ಸಾಕು ಅಂದೆ.

ಇನ್ನೊಬ್ಬರು ತೀರಿಕೊಂಡ ತಾಯಿಯ ಇಳಕಲ್ ಸೀರೆ ತಂದು ಮೊಮ್ಮಕ್ಕಳಿಗೆ ಕುರ್ತಾ ಹೊಲಿಸಿದರು. ಟೋಪಿ ತೆನೆಯ ಕೆಂಪು ಸೆರಗು, ಗೋಮಿ ದಡಿ, ಎರಡರದೂ ತುಸು ಉಳಿಯಿತು. ಅಣ್ಣತಂಗಿಯರಿಗೆಲ್ಲ ಒಂದೊಂದು ಕಾರ್ಡು ಮಾಡಿಕೊಡಿ, ಮೇಲೆ ಏನೂ ಬರೆಯಬೇಡಿ ಎಂದರು. ದಡಿಯ ಒಂದು ಪಟ್ಟಿ, ತೆನೆಯ ಒಂದು ಹಲ್ಲು, ಸುತ್ತ ಖಾಲಿ ಕಾಗದ. ನಾನು ಮಾಡಿದ್ದರಲ್ಲಿ ಅತಿ ಕಡಿಮೆ ಕೆಲಸದ ಕಾರ್ಡುಗಳು ಅವು. ಅವರಲ್ಲಿ ಒಬ್ಬರು ಪುಣೆಯಲ್ಲಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರಂತೆ.

ಇಂಥ ಕಾರ್ಡು ಕಂಡವರು ಸಹಜವಾಗಿ ಐವತ್ತು, ನೂರು ಕೇಳುತ್ತಾರೆ. ಹುಟ್ಟುಹಬ್ಬದ ಪಾರ್ಟಿಗೆ, ಆಫೀಸಿನ ಹೊಸವರ್ಷಕ್ಕೆ. ಒಪ್ಪಿಕೊಂಡರೆ ಒಂದೇ ಬಗೆಯ ಬಟ್ಟೆ ಕೊಂಡು ತರಬೇಕು, ಕೊಂಡ ಬಟ್ಟೆಯನ್ನು ಚೂರು ಮಾಡಬೇಕು. ಆಗ ಮತ್ತೆ ಹೊಸ ಚೂರು ಉಳಿಯುತ್ತದೆ! ಹೊಳೆಯುವ ಸ್ಟಿಕ್ಕರು, ಬಣ್ಣದ ಟೇಪು, ಅಂಚು ಕತ್ತರಿಸುವ ಪಂಚಿಂಗ್ ಯಂತ್ರ ಎಂದು ಖರೀದಿ ಬೆಳೆಯುತ್ತದೆ. ಮಿಗುತಾಯವನ್ನು ಬಳಸಲೆಂದು ಅಂಗಡಿಗೆ ಹೋಗುವುದು ನನ್ನ ಲೆಕ್ಕಕ್ಕೆ ಒಗ್ಗುವುದಿಲ್ಲ. ದುಡ್ಡಿನ ದೃಷ್ಟಿಯಿಂದಲೂ ಗಿಟ್ಟದು. ಒಂದು ಕಾರ್ಡಿಗೆ ಹಿಡಿಯುವ ಹೊತ್ತಿನಲ್ಲಿ ಎರಡು ಸೀರೆಗೆ ಫಾಲ್ ಹಚ್ಚಿ ಮುಗಿಸಬಹುದು.

ಹೊಲಿಗೆ ಬಾರದವರಿಗೆ ಒಂದು ಮಾತು. ಮುಂದಿನ ಸಲ ಜಂಪರವೋ ಲಂಗವೋ ಹೊಲಿಸಲು ಕೊಟ್ಟಾಗ, ಕೊರಳಿನ ತುಂಡನ್ನು ಎಸೆಯಬೇಡಿ ಎಂದು ಮೊದಲೇ ಹೇಳಿಡಿ. ಮನೆಗೆ ತಂದು ಕವರಿನ ಮೇಲೆ ತಾರೀಖು ಬರೆಯಿರಿ. ಕಾರ್ಡು ಮಾಡುವಾಗ ಒಳಗಿನ ಎರಡು ಪುಟಗಳನ್ನು ಖಾಲಿ ಬಿಟ್ಟು, ನಿಮ್ಮ ಅಕ್ಷರದಲ್ಲೇ ನಾಲ್ಕು ಸಾಲು ಬರೆಯಿರಿ. ಚೂರಿಗೆ ಯಾವ ಹೊಲಿಗೆಯವರೂ ದುಡ್ಡು ಕೇಳುವುದಿಲ್ಲ.