ಉತ್ತರ ಕೊಡಬೇಕಾದವರು ಯಾರು?

ರಜೆಯಲ್ಲಿ ಒಂದು ಕಥಾಸಂಕಲನ ಓದಿ ಮುಗಿಸಿದ ರಾತ್ರಿಯೇ ಅದರ ಲೇಖಕರಿಗೆ ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಕಳಿಸಿದೆ. "ಸರ್, ನಮ್ಮ ಮನೆಮಾತು ಉರ್ದು. ನಾನು ಕನ್ನಡದಲ್ಲಿ ಕಥೆ ಬರೆದರೆ ಯಾರಾದರೂ ಓದುತ್ತಾರಾ?" ಮರುದಿನ 'ಸೀನ್' ಎಂದು ಬಂತು. ಉತ್ತರ ಬರಲಿಲ್ಲ. ನಾಲ್ಕನೇ ದಿನ ಸಿಟ್ಟಿನಲ್ಲಿ ಬರೆದೆ: "ದುಡ್ಡು ಕೊಟ್ಟು ನಿಮ್ಮ ಪುಸ್ತಕ ಕೊಂಡಿದ್ದೇನೆ."

ಅಬ್ಬಾಗೆ ಹೇಳಿದಾಗ ನಕ್ಕರು. ಅವರದು ಚಿಕ್ಕ ಅಂಗಡಿ. "ಸಕ್ಕರೆ ಕೊಂಡವರು ನನ್ನ ಊಟದ ಹೊತ್ತನ್ನೂ ಕೊಂಡ ಹಾಗಾ ಬೇಟಾ?"

ಆಪಾ ಸಿಎ ಫೌಂಡೇಶನ್‌ಗೆ ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ 1872ರ ಭಾರತೀಯ ಕರಾರು ಕಾಯ್ದೆ ಇದೆ. ಕರಾರಿಗೆ ಪ್ರಸ್ತಾಪ, ಸ್ವೀಕಾರ, ಪ್ರತಿಫಲ ಬೇಕು. ನಾನು ಕೊಟ್ಟ 150 ರೂಪಾಯಿಗೆ ಪ್ರತಿಫಲವಾಗಿ ಪುಸ್ತಕ ಕೈಗೆ ಬಂತು, ಲೆಕ್ಕ ಚುಕ್ತಾ. ಅದರಲ್ಲೂ ಶೇಕಡಾ 10 ರಾಯಲ್ಟಿ ಎಂದುಕೊಂಡರೆ ಲೇಖಕರಿಗೆ ಸಿಕ್ಕಿದ್ದು 15 ರೂಪಾಯಿ!

ಇದು ನನ್ನೊಬ್ಬಳ ತಪ್ಪಲ್ಲ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಕಾದಂಬರಿ ಸರಣಿಯ ಮುಂದಿನ ಭಾಗ ತಡ ಮಾಡಿದಾಗ ಓದುಗರು ಇಂಟರ್‌ನೆಟ್‌ನಲ್ಲಿ ಅವರ ಬೆನ್ನು ಬಿದ್ದರು. ಮೊದಲ ಭಾಗ ಕೊಂಡ ಮಾತ್ರಕ್ಕೆ ಮುಂದಿನದಕ್ಕೆ ಕರಾರು ಆಗುವುದಿಲ್ಲ ಎಂದು 2009ರಲ್ಲಿ ಇನ್ನೊಬ್ಬ ಲೇಖಕ ನೀಲ್ ಗೇಮನ್ ಓದುಗರೊಬ್ಬರಿಗೆ ವಾದಿಸಿದರು. ಐದನೇ ಭಾಗ 2011ರಲ್ಲಿ ಬಂತು.

ಆದರೆ ಓದುಗರದೇ ತಪ್ಪು ಎಂದೂ ನಾನು ಒಪ್ಪುವುದಿಲ್ಲ. ಪುಸ್ತಕ ಮಾರಾಟಕ್ಕೆಂದು ಲೇಖಕರೇ ಲೈವ್ ಬರುತ್ತಾರೆ, "ನಿಮ್ಮ ಅಭಿಪ್ರಾಯ ಕಳಿಸಿ" ಎನ್ನುತ್ತಾರೆ. ನಾವು ಕಳಿಸುತ್ತೇವೆ, ಕಾಯುತ್ತೇವೆ. ಆಪಾ ಪ್ರಕಾರ ಇದು ಗಾಜಿನ ಕಪಾಟಿನಲ್ಲಿಟ್ಟ ಸಾಮಾನಿನ ಹಾಗೆ: ಪ್ರಸ್ತಾಪವಲ್ಲ, ಪ್ರಸ್ತಾಪಕ್ಕೆ ಆಹ್ವಾನ. ಕಾನೂನು ಸರಿಯಿರಬಹುದು. ಆದರೂ ಕರೆದವರು ಬಾಗಿಲು ತೆರೆಯದಿದ್ದರೆ ಬೇಜಾರಾಗುತ್ತದೆ, ಅಲ್ಲವೇ?

ತಮಾಷೆಯೆಂದರೆ, ನನ್ನ ಪ್ರಶ್ನೆಗೆ ಉತ್ತರ ನಮ್ಮ ಲೈಬ್ರರಿಯಲ್ಲೇ ಇತ್ತು. ಹಾಸನದ ಬಾನು ಮುಷ್ತಾಕ್ ಉರ್ದು ಮನೆಯವರು, ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದಲ್ಲಿ ಕನ್ನಡ ಶಾಲೆ ಸೇರಿದವರು. ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಬಹುಮಾನದ 50,000 ಪೌಂಡ್‌ನಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿಯವರದು (ಕಾಮರ್ಸ್‌ನವರು ಇದನ್ನೂ ಗಮನಿಸಬೇಕು). ಆ ಕಥೆಗಳನ್ನು ಓದುವಾಗ ನಾನು ಯಾರಿಗೂ ಮೆಸೇಜ್ ಮಾಡಬೇಕಾಗಲಿಲ್ಲ.

ಸಿಟ್ಟಿನಲ್ಲಿ ಬರೆದ ಮೆಸೇಜನ್ನು ಡಿಲೀಟ್ ಮಾಡಿದೆ. ಮೊದಲನೆಯದು ಹಾಗೇ ಇದೆ. ನನ್ನ ಕಥೆ ಮೂರು ಪುಟ ಆಗಿದೆ.